1613 ಲಾರಿ ನೋಡಿ ಬಂದೆ, ಇಂಜಿನ್ ನಂಬಬಹುದಾ? ಸೋಮವಾರ ದುಡ್ಡು ಕೊಡಬೇಕು

ಕಬ್ಬಿನ ಹಾದಿ · ಜಮಖಂಡಿ · ಗುರುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್ ಲಾರಿ ಹುಡುಕಿ ಹುಡುಕಿ ಸಾಕಾಗಿದೆ. ಇದು ನಾಲ್ಕನೇ ಗಾಡಿ. ನಮ್ಮದು ಹನ್ನೆರಡು ಎಕರೆ ಕಬ್ಬು, ಅಣ್ಣನದು ಎಂಟು. ಹೋದ ಸೀಸನ್‌ನಲ್ಲಿ ಬಾಡಿಗೆ ಗಾಡಿ ಸಿಗದೆ ಕಡಿದ ಕಬ್ಬು ನಾಲ್ಕು ದಿನ ಹೊಲದಲ್ಲೇ ಒಣಗಿತು. ಈ ಸಲ ಸ್ವಂತ ಗಾಡಿ ಮಾಡಲೇಬೇಕು ಅಂತ ಮನೆಯಲ್ಲಿ ಎಲ್ಲರೂ ಕೂತು ತೀರ್ಮಾನ ಮಾಡಿದ್ದೇವೆ.

ನಿನ್ನೆ ಒಂದು ಟಾಟಾ 1613 ಲಾರಿ ನೋಡಿದೆ. ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕೊಟ್ಟಿದ್ದೇನೆ. ಟೈರ್ ಚೆನ್ನಾಗಿವೆ, ಬಾಡಿ ಗಟ್ಟಿ ಇದೆ. ಆದರೆ ಹೊಗೆ ಬರುತ್ತದೆ. ಒಬ್ಬ ಫಿಟ್ಟರ್ "ಡೀಸೆಲ್ ಗಾಡಿ ಅಂದಮೇಲೆ ಹೊಗೆ ಇದ್ದೇ ಇರುತ್ತೆ, ತಗೊಳ್ಳಿ" ಅಂತಾನೆ. ಇನ್ನೊಬ್ಬ "ಹತ್ತಿರ ಹೋಗಬೇಡಿ" ಅಂತಾನೆ. ಯಾರನ್ನು ನಂಬಬೇಕು? ತಗೊಳ್ಳಲಾ, ಬಿಡಲಾ? ಅದೊಂದು ಹೇಳಿ ಸಾಕು.

ಹದಿನೇಳರ ಸ್ಪ್ಯಾನರ್ · ಮುಧೋಳ · ರಾತ್ರಿ 10:05

ಅಣ್ಣಾ, ಇಷ್ಟರಲ್ಲಿ ಏನೂ ಹೇಳಲು ಆಗುವುದಿಲ್ಲ. ಯಾವ ವರ್ಷದ ಗಾಡಿ? ಇಂಜಿನ್ ಟಾಟಾದ್ದಾ, ಕಮಿನ್ಸಾ? ಎರಡರಲ್ಲೂ 1613 ಬಂದಿದೆ. ಹೊಗೆ ಯಾವ ಬಣ್ಣ? ನಿಂತಲ್ಲೇ ಬರುತ್ತಾ, ರೇಸ್ ಕೊಟ್ಟಾಗ ಮಾತ್ರವಾ? ನೀವು ಹೋದಾಗ ಇಂಜಿನ್ ತಣ್ಣಗಿತ್ತಾ?

ನಾಝಲ್ ಬೆಂಚ್ · ದಾವಣಗೆರೆ · ರಾತ್ರಿ 10:31

ಹೊಗೆ ಅಂದರೆ ತೊಂಬತ್ತು ಪಾಲು ಡೀಸೆಲ್ ಪಂಪ್ ಮತ್ತು ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಝಲ್. ಜಾಸ್ತಿ ಲೋಡ್ ಎಳೆಯಲಿ ಅಂತ ಎಷ್ಟು ಡೀಸೆಲ್ ಹೋಗಬೇಕು ಅಂತ ಮಿತಿ ಹಾಕುವ ಪಂಪಿನ ಫುಲ್ ಲೋಡ್ ಸ್ಕ್ರೂ ತಿರುಗಿಸಿರುತ್ತಾರೆ. ಆ ಸ್ಕ್ರೂಗೆ ತಂತಿ ಕಟ್ಟಿ ಸೀಲ್ ಹಾಕಿರಬೇಕು. ಸೀಲ್ ಇಲ್ಲ ಅಂದರೆ ಯಾರೋ ಕೈ ಹಾಕಿದ್ದಾರೆ. ಪಂಪ್ ಕ್ಯಾಲಿಬ್ರೇಶನ್ ಮಾಡಿಸಿ, ಆರು ನಾಝಲ್ ಬದಲಿಸಿ, ಹೊಗೆ ಹೋಗುತ್ತೆ. ಧೈರ್ಯವಾಗಿ ತಗೊಳ್ಳಿ.

ಕಬ್ಬಿನ ಹಾದಿ · ಶುಕ್ರವಾರ ಬೆಳಗ್ಗೆ 7:15

2012ರ ಗಾಡಿ. ಟಾಟಾ ಇಂಜಿನ್ನೇ, ಬಿಎಸ್3, ಅಂದರೆ ಹಳೆಯ ಹೊಗೆ ನಿಯಮದ ಗಾಡಿ. ರೇಸ್ ಕೊಟ್ಟರೆ ಕಪ್ಪು ಹೊಗೆ, ಸುಮ್ನೆ ಆನ್ ಇದ್ದಾಗ ಬೂದು ಬಣ್ಣ. ನಾನು ಹೋಗುವುದಕ್ಕೆ ಮೊದಲೇ ಮಾಲೀಕರು ಸ್ಟಾರ್ಟ್ ಮಾಡಿ ಇಟ್ಟಿದ್ದರು. ಬಿಸಿ ಇತ್ತು. ಗಾಡಿ ತೋರಿಸುವಾಗ ಎಲ್ಲರೂ ಹಾಗೇ ಮಾಡುತ್ತಾರೆ ಅಲ್ವಾ?

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 7:50

ಅದನ್ನೇ ಮೊದಲು ಹೇಳಬೇಕಿತ್ತು ಅಣ್ಣಾ. ಬಿಸಿ ಇಂಜಿನ್ ತೋರಿಸಿದರೆ ಅರ್ಧ ರೋಗ ಮುಚ್ಚಿಹೋಗುತ್ತೆ. ಬಿಸಿಯಾದ ಮೇಲೆ ಸವೆದ ಇಂಜಿನ್ ಕೂಡ ಒಂದೇ ಸೆಲ್ಫ್‌ಗೆ ಹತ್ತಿಕೊಳ್ಳುತ್ತದೆ.

ನಾಳೆ ಬೆಳಗ್ಗೆ ಆರಕ್ಕೆ ಹೋಗಿ. ಫೋನ್ ಮಾಡದೆ ಹೋಗಿ. ಮೊದಲು ಇಂಜಿನ್ ಬ್ಲಾಕ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ವಾಪಸ್ ಬನ್ನಿ, ಇನ್ನೊಂದು ದಿನ ಹೋಗಿ. ತಣ್ಣಗಿದ್ದರೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ತೆಗೆದು ನೋಡಿ. ಆಯಿಲ್ ಹಾಲು ಹಾಕಿದ ಚಹಾ ಥರ ಇದ್ದರೆ ನೀರು ಸೇರಿದೆ. ತಂತಿ ಎಳೆದ ಹಾಗೆ ದಪ್ಪ ಇದ್ದರೆ ಆಯಿಲ್ ಪ್ರೆಶರ್ ತೋರಿಸಲಿ, ಹೊಗೆ ಕಮ್ಮಿಯಾಗಲಿ ಅಂತ ದಪ್ಪ ಆಯಿಲ್ ಹಾಕಿದ್ದಾರೆ. ಆಮೇಲೆ ರೇಡಿಯೇಟರ್ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿ. ನೀರಲ್ಲಿ ಗುಳ್ಳೆ ಬಿಡದೆ ಬರುತ್ತಿದ್ದರೆ ಇಂಜಿನ್ ತಲೆಭಾಗ (ಹೆಡ್) ಅಥವಾ ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿದೆ. ಮುಚ್ಚಳ ತೆಗೆಯುವುದು ತಣ್ಣಗಿದ್ದಾಗ ಮಾತ್ರ, ಬಿಸಿ ಇದ್ದಾಗ ಮುಟ್ಟಲೇಬೇಡಿ, ಮುಖ ಸುಟ್ಟುಹೋಗುತ್ತೆ.

ಸ್ಟಾರ್ಟ್ ಆದ ಮೇಲೆ ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಬ್ರೀದರ್ ಪೈಪ್ ನೋಡಿ. ಮುಖ್ಯವಾದ್ದು ಅದೇ. ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ತಲೆಕೆಳಗೆ ಮಾಡಿ ಅದೇ ಬಾಯಿ ಮೇಲೆ ಸುಮ್ನೆ ಇಡಿ. ಸ್ವಲ್ಪ ಅದುರಿದರೆ ಪರವಾಗಿಲ್ಲ. ಹಾರಿ ಕೆಳಗೆ ಬಿದ್ದರೆ ಬ್ಯಾಕ್ ಕಂಪ್ರೆಶನ್ ಜಾಸ್ತಿ ಇದೆ, ಅಂದರೆ ಪಿಸ್ಟನ್ ಪಕ್ಕದಿಂದ ಗಾಳಿ ಕೆಳಗೆ ಸೋರುತ್ತಿದೆ.

ನಾಝಲ್ ಬೆಂಚ್ · ಬೆಳಗ್ಗೆ 8:20

ಕಪ್ಪು ಹೊಗೆ ಅಂತ ಅವರೇ ಹೇಳಿದ್ದಾರೆ. ಕಪ್ಪು ಅಂದರೆ ಡೀಸೆಲ್ ಜಾಸ್ತಿ. ನೀಲಿ ಆಗಿದ್ದರೆ ಆಯಿಲ್ ಉರಿಯುತ್ತಿದೆ ಅನ್ನಬಹುದಿತ್ತು. ಇಂಜಿನ್ ಬಿಚ್ಚುವ ಮಾತು ಯಾಕೆ ಈಗಲೇ?

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 8:34

ಕಪ್ಪು ಅಂದರೆ ಡೀಸೆಲ್ ಜಾಸ್ತಿ, ಅಥವಾ ಗಾಳಿ ಕಮ್ಮಿ. ಎರಡನೆಯದನ್ನು ನೀವು ಬಿಡುತ್ತಿದ್ದೀರಿ. ಏರ್ ಕ್ಲೀನರ್ ಕಟ್ಟಿಕೊಂಡಿರಬಹುದು, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಹೋಸ್ ಲೀಕ್ ಇರಬಹುದು. ಮತ್ತೆ, ಆನ್ ಇದ್ದಾಗ ಬೂದು ಬಣ್ಣ ಅಂತಲೂ ಅವರೇ ಹೇಳಿದ್ದಾರೆ.

ಬಿ ಸೀರೀಸ್ · ಹೊಸಪೇಟೆ · ಬೆಳಗ್ಗೆ 9:10

ನನ್ನ ಮಾತು ಕೇಳಿ, ಕಮಿನ್ಸ್ ಇಂಜಿನ್ ಇರುವ 1613 ಹುಡುಕಿ. 6ಬಿಟಿ, 5.9 ಲೀಟರ್, ಜಮ್ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆಯದು. ನಾವು ಅದಿರು ಸಾಗಿಸಿದ ಕಾಲದಲ್ಲಿ ಹಗಲು ರಾತ್ರಿ ಓಡಿಸಿದ್ದೇವೆ. ಪಿಸ್ಟನ್ ಓಡುವ ಕೊಳವೆ, ಸ್ಲೀವ್, ಬದಲಿಸಿದರೆ ಹೊಸ ಇಂಜಿನ್ನೇ.

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 9:42

6ಬಿಟಿಗೆ ಕಂಪನಿಯಿಂದ ಸ್ಲೀವ್ ಬರುವುದಿಲ್ಲ ಸರ್. ಪಿಸ್ಟನ್ ನೇರವಾಗಿ ಬ್ಲಾಕ್‌ನಲ್ಲೇ ಓಡುತ್ತದೆ. ಸವೆದರೆ ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಇಲ್ಲವೇ ಬೋರ್ ಮಾಡಿಸಿ ಸ್ಲೀವ್ ಕೂರಿಸಬೇಕು. ಒಳ್ಳೆಯ ಇಂಜಿನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ತಪ್ಪು ಮಾಹಿತಿ ನಂಬಿ ಅಣ್ಣ ಲೆಕ್ಕ ಹಾಕಬಾರದು.

ಬಿ ಸೀರೀಸ್ · ಬೆಳಗ್ಗೆ 10:15

ನಮ್ಮ ಗಾಡಿಯಲ್ಲಿ ಸ್ಲೀವ್ ಇತ್ತು. ಕಣ್ಣಾರೆ ನೋಡಿದ್ದೇನೆ.

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 10:20

ಹಾಗಾದರೆ ನಿಮಗಿಂತ ಮೊದಲು ಯಾರೋ ಒಮ್ಮೆ ಫುಲ್ ಇಂಜಿನ್ ಕೆಲಸ ಮಾಡಿಸಿದ್ದಾರೆ.

ಘಟ್ಟದ ಲೋಡು · ಸಕಲೇಶಪುರ · ಮಧ್ಯಾಹ್ನ 1:30

ಟಾಟಾ 697 ಇಂಜಿನ್ನೂ ಕಮ್ಮಿ ಇಲ್ಲ. ಹೆಸರಲ್ಲೇ ಲೆಕ್ಕ ಇದೆ ನೋಡಿ: 6 ಸಿಲಿಂಡರ್, 97 ಮಿಲಿಮೀಟರ್ ಬೋರ್, ಅಂದರೆ ಸಿಲಿಂಡರ್ ಅಗಲ. ಅದೇ ಬೋರಿನ ನಾಲ್ಕು ಸಿಲಿಂಡರ್ 497. ಬಿಡಿಭಾಗ ಎಲ್ಲಿ ಬೇಕಾದರೂ ಸಿಗುತ್ತದೆ, ಸಣ್ಣ ಊರಿನ ಫಿಟ್ಟರ್‌ಗೂ ಕೈ ಪಳಗಿದೆ.

ನನ್ನ ಹತ್ತಿರ ಎರಡು ಇವೆ. ಶಿರಾಡಿ ಘಾಟ್ ಇಳಿದು ಹತ್ತಿ ಮಂಗಳೂರಿಗೆ ಹೋಗಿಬರುತ್ತವೆ. ಹಿಂದಿನ ಸ್ಪ್ರಿಂಗಿಗೆ ಎರಡು ಪಟ್ಟಾ ಜಾಸ್ತಿ ಹಾಕಿಸಿದ್ದೇನೆ. ಬಾಡಿ ಹೋದ ವರ್ಷ ಹೊಸದಾಗಿ ಕಟ್ಟಿಸಿದೆ, ಪೂರ್ತಿ ಕಬ್ಬಿಣದ ಅಡ್ಡಪಟ್ಟಿ, ಮೇಲೆ ಮರದ ಹಲಗೆ. ಎಕ್ಸಾಸ್ಟ್ ಬ್ರೇಕ್ ವಾಲ್ವ್ ಹೊಸದು. ಏರ್ ಹಾರ್ನ್ ಮೂರು ಕೊಳವೆಯದು. ಫೋಟೋ ಹಾಕಿದ್ದೇನೆ, ನೋಡಿ.

ಪಟ್ಟಾ ಪ್ರೇಮಿ · ಚಳ್ಳಕೆರೆ · ಮಧ್ಯಾಹ್ನ 2:02

ಬಾಡಿ ಎಲ್ಲಿ ಕಟ್ಟಿಸಿದಿರಿ ಅಣ್ಣಾ? ಹಲಗೆ ಯಾವ ಮರ? ಹಾರ್ನ್ ತುಂಬಾ ಚೆನ್ನಾಗಿದೆ.

ತೋಟದಮನೆ · ಚನ್ನರಾಯಪಟ್ಟಣ · ಮಧ್ಯಾಹ್ನ 3:25

ತಮ್ಮಾ, ಇಂಜಿನ್ ಜೊತೆ ಕಾಗದವನ್ನೂ ನೋಡಿ. ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಬ್ಲಾಕ್ ಮೇಲೆ ಕೊರೆದ ನಂಬರಿಗೆ ಹೊಂದಬೇಕು. ಹೊಂದದಿದ್ದರೆ ಇಂಜಿನ್ ಬದಲಾಗಿದೆ, ಎಫ್‌ಸಿಯಲ್ಲಿ (ಫಿಟ್ನೆಸ್ ಸರ್ಟಿಫಿಕೇಟ್) ಸಿಕ್ಕಿಹಾಕಿಕೊಳ್ಳುತ್ತೀರಿ. ನಮ್ಮ ಯಜಮಾನರು ಇದನ್ನು ನೋಡದೆ ಒಂದು ಗಾಡಿ ತಂದು ಐದು ತಿಂಗಳು ಆರ್‌ಟಿಒ ಆಫೀಸಿಗೆ ಅಲೆದರು. ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಬೇಕು. 2012ರದು ಅಂದರೆ ಹದಿನೈದು ವರ್ಷಕ್ಕೆ ದೂರ ಇಲ್ಲ, ಆಮೇಲೆ ಫೀಸ್ ಬಹಳ ಜಾಸ್ತಿ. ಸಾಲ ಇದ್ದರೆ ಆರ್‌ಸಿಯಲ್ಲಿರುವ ಸಾಲದ ನಮೂದು, ಎಚ್‌ಪಿ, ತೆಗೆಸಿ ಕೊಡಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಎಫ್‌ಸಿ, ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ತೋರಿಸುತ್ತದೆ.

ಬಿ ಸೀರೀಸ್ · ಸಂಜೆ 5:00

ಇಷ್ಟೆಲ್ಲ ತಲೆನೋವು ಯಾಕೆ? ಸ್ವಲ್ಪ ದುಡ್ಡು ಜಾಸ್ತಿ ಹಾಕಿ 2020ರ ನಂತರದ ಬಿಎಸ್6 ತಗೊಳ್ಳಿ.

ಘಟ್ಟದ ಲೋಡು · ಸಂಜೆ 5:40

ಹೊಲದಿಂದ ಫ್ಯಾಕ್ಟರಿಗೆ ಹತ್ತಿಪ್ಪತ್ತು ಕಿಲೋಮೀಟರ್, ಅಲ್ಲಿ ಯಾರ್ಡ್‌ನಲ್ಲಿ ಸಾಲು, ಹತ್ತು ಹೆಜ್ಜೆ ಮುಂದೆ, ಮತ್ತೆ ನಿಲ್ಲು. ಬಿಎಸ್6 ಸೈಲೆನ್ಸರ್ ಒಳಗಿನ ಫಿಲ್ಟರ್‌ನಲ್ಲಿ ಕೂತ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಬಿಸಿಯಾಗಿ ಒಂದಿಷ್ಟು ದೂರ ಓಡಬೇಕು. ಈ ಕೆಲಸಕ್ಕೆ ಅದು ಕಷ್ಟ. ಮೆಕ್ಯಾನಿಕಲ್ ಪಂಪ್ ಗಾಡಿಯೇ ಸರಿ.

ಕಬ್ಬಿನ ಹಾದಿ · ಶನಿವಾರ ಬೆಳಗ್ಗೆ 8:30

ಈಗ ತಾನೇ ನೋಡಿ ಬಂದೆ. ಆರೂಕಾಲಿಗೆ ಹೋದೆ, ಹೇಳದೆ ಹೋದೆ. ಮಾಲೀಕರಿಗೆ ಸ್ವಲ್ಪ ಬೇಜಾರಾಯಿತು. ಬ್ಲಾಕ್ ತಣ್ಣಗಿತ್ತು.

ನೀರು ಶುದ್ಧ ಇದೆ, ಗುಳ್ಳೆ ಇಲ್ಲ. ಆಯಿಲ್‌ನಲ್ಲಿ ನೀರಿಲ್ಲ. ಆದರೆ ದಪ್ಪ ಇದೆ, ಕಪ್ಪಗಿದೆ. ಸೆಲ್ಫ್ ನಾಲ್ಕು ಸಲ ಹೊಡೆದ ಮೇಲೆ ಹತ್ತಿಕೊಂಡಿತು. ಮೊದಲು ಬಿಳಿ ಹೊಗೆ, ಕಣ್ಣು ಉರಿಯಿತು. ಎರಡು ಮೂರು ನಿಮಿಷದ ಮೇಲೆ ನೀಲಿ ಕಲೆತ ಬೂದು. ಮುಚ್ಚಳ ತಲೆಕೆಳಗೆ ಇಟ್ಟೆ. ನಿಲ್ಲಲೇ ಇಲ್ಲ, ಹಾರಿ ಚಾಸಿ ಮೇಲೆ ಬಿತ್ತು. ಬ್ರೀದರ್‌ನಿಂದ ರೈಲಿನ ಥರ ಬುಸ್ ಬುಸ್ ಅಂತ ಹೊಗೆ.

ರಾತ್ರಿಯೆಲ್ಲ ನಿದ್ದೆ ಇರಲಿಲ್ಲ. ಈಗ ಇನ್ನೂ ಗೊಂದಲ.

ನಾಝಲ್ ಬೆಂಚ್ · ಬೆಳಗ್ಗೆ 8:55

ಬಿಳಿ ಹೊಗೆ, ಕಣ್ಣು ಉರಿ ಅಂದರೆ ಡೀಸೆಲ್ ಸುಡದೆ ಬರುತ್ತಿದೆ. ನಾಝಲ್ ಸೋರುತ್ತಿದೆ. ನಾನು ಮೊದಲೇ ಹೇಳಿದ್ದೆ. ನಾಝಲ್ ತೆಗೆದು ಬೆಂಚ್ ಮೇಲೆ ಹಾಕಿಸಿ.

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 9:03

ಕಂಪ್ರೆಶನ್, ಅಂದರೆ ಪಿಸ್ಟನ್ ಗಾಳಿ ಒತ್ತುವ ಒತ್ತಡ, ಕಮ್ಮಿ ಇದ್ದರೂ ಡೀಸೆಲ್ ಸುಡುವುದಿಲ್ಲ. ಬಿಸಿಯಾಗುವ ತನಕ ಅದೇ ಬಿಳಿ ಹೊಗೆ, ಅದೇ ಕಣ್ಣುರಿ. ನಾಝಲ್ ಸೋರಿದರೆ ಬ್ರೀದರ್‌ನಲ್ಲಿ ಇಷ್ಟು ಗಾಳಿ ಯಾಕೆ ಬರಬೇಕು ಹೇಳಿ.

ಅಣ್ಣಾ, ಒಂದು ಕೇಳುತ್ತೇನೆ. ಏರ್ ಕ್ಲೀನರ್‌ನಿಂದ ಟರ್ಬೊಗೆ ಹೋಗುವ ರಬ್ಬರ್ ಹೋಸ್ ಹೇಗಿದೆ? ಕ್ಲಾಂಪ್ ಬಿಗಿ ಇದೆಯಾ?

ಕಬ್ಬಿನ ಹಾದಿ · ಬೆಳಗ್ಗೆ 9:30

ಹೋಸ್ ಇದೆ. ಒಂದು ಕಡೆ ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿದ್ದಾರೆ. ಮೊದಲ ದಿನವೇ ನೋಡಿದ್ದೆ. ಹಳೇ ಗಾಡಿಯಲ್ಲಿ ಅದೆಲ್ಲ ಇರುತ್ತೆ ಅಂತ ಬರೆಯಲಿಲ್ಲ.

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 10:10

ಇಡೀ ಉತ್ತರ ಅಲ್ಲೇ ಇದೆ ಅಣ್ಣಾ.

ಆ ಹೋಸ್ ಫಿಲ್ಟರ್ ದಾಟಿದ ಮೇಲಿನದು. ಅಲ್ಲಿ ಸೀಳು ಬಿಟ್ಟರೆ ಟರ್ಬೊ ಹೊರಗಿನ ಗಾಳಿಯನ್ನು ಸೋಸದೆ ಎಳೆದುಕೊಳ್ಳುತ್ತೆ. ಕಬ್ಬಿನ ಹೊಲದ ಮಣ್ಣಿನ ಧೂಳು, ಯಾರ್ಡ್‌ನ ಧೂಳು, ಎಲ್ಲವೂ ನೇರ ಸಿಲಿಂಡರ್‌ಗೆ. ಧೂಳಲ್ಲಿ ಮರಳು ಇರುತ್ತೆ. ಪಿಸ್ಟನ್ ರಿಂಗಿಗೂ ಸಿಲಿಂಡರ್ ಗೋಡೆಗೂ ನಡುವೆ ಅದು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಲಕ್ಷಾಂತರ ಕಿಲೋಮೀಟರ್ ಓಡಬೇಕಾದ ಇಂಜಿನ್ ಒಂದೇ ಸೀಸನ್‌ನಲ್ಲಿ ಮುದಿಯಾಗುತ್ತದೆ. ಇದು ಇಂಜಿನ್ ಮಾಡಿದವರ ತಪ್ಪಲ್ಲ. ನೂರಿನ್ನೂರು ರೂಪಾಯಿಯ ಕ್ಲಾಂಪ್ ಹಾಕದವರ ತಪ್ಪು. ಹೀಗೆ ಹಾಳಾದ ಇಂಜಿನ್ ನನ್ನ ಗ್ಯಾರೇಜಿಗೆ ಪ್ರತಿ ವರ್ಷ ಬರುತ್ತವೆ. ಬಿಚ್ಚುವಾಗ ಹೊಟ್ಟೆ ಉರಿಯುತ್ತದೆ.

ಖಾತ್ರಿ ಮಾಡಿಕೊಳ್ಳುವುದು ಸುಲಭ. ಇಂಜಿನ್ ಆಫ್ ಮಾಡಿಸಿ, ಟ್ಯೂಬ್ ಬಿಚ್ಚಿಸಿ, ಹೋಸ್ ಒಳಗೆ ಟರ್ಬೊ ಕಡೆ ಬೆರಳು ಆಡಿಸಿ. ಒಳಗೆ ಧೂಳು ಇರಲೇಬಾರದು. ಬೆರಳಿಗೆ ಮಣ್ಣು ಹತ್ತಿದರೆ ಮುಗಿಯಿತು. ಟರ್ಬೊ ಚಕ್ರದ ರೆಕ್ಕೆಗಳ ಅಂಚನ್ನೂ ನೋಡಿ, ಚೂಪಾಗಿರಬೇಕು. ಶಾಫ್ಟನ್ನು ಅಲ್ಲಾಡಿಸಿ, ರೆಕ್ಕೆ ಗೋಡೆಗೆ ತಾಗಬಾರದು.

ಪಟ್ಟಾ ಪ್ರೇಮಿ · ಬೆಳಗ್ಗೆ 10:48

ಕಂಪ್ರೆಶನ್ ನೋಡಿಸಿ. ಕಮ್ಮಿ ಬಂದರೆ ಸಿಲಿಂಡರ್‌ಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ನಮ್ಮ ಕಾರಿಗೆ ಹಾಗೇ ಮಾಡಿದ್ದರು.

ಹದಿನೇಳರ ಸ್ಪ್ಯಾನರ್ · ಬೆಳಗ್ಗೆ 11:15

ಅದು ಪೆಟ್ರೋಲ್ ಗಾಡಿಗೆ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ತುಂಬಾ ಸಣ್ಣದು. ಆಯಿಲ್ ಬಿಟ್ಟರೆ ಆ ಆಯಿಲ್ಲೇ ಜಾಗ ತುಂಬಿ ನಂಬರ್ ಸುಳ್ಳು ತೋರಿಸುತ್ತೆ. ಜಾಸ್ತಿ ಬಿಟ್ಟರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಡಲೇಬೇಡಿ.

ಕಂಪ್ರೆಶನ್ ನೋಡಿಸಿ, ಆದರೆ ಬಿಸಿ ಇಂಜಿನ್‌ನಲ್ಲಿ, ಬ್ಯಾಟರಿ ಫುಲ್ ಇದ್ದಾಗ, ಆರೂ ಸಿಲಿಂಡರ್. ಇನ್ನೊಂದು ಮಾತು: ಆರೂ ಒಂದೇ ಥರ ಬಂದರೆ ಒಳ್ಳೆಯದು ಅಂತ ಕೆಲವರು ಹೇಳುತ್ತಾರೆ. ಧೂಳು ತಿಂದ ಇಂಜಿನ್ ಹೆಚ್ಚುಕಮ್ಮಿ ಆರೂ ಕಡೆ ಒಂದೇ ಥರ ಸವೆಯುತ್ತದೆ. ಅಂತರ ಇಲ್ಲ ಅಂತ ಮೋಸ ಹೋಗಬೇಡಿ, ನಂಬರನ್ನೂ ನೋಡಿ. ನಾನು ಅಳೆದ ಒಳ್ಳೆಯ 697ಗಳಲ್ಲಿ ಗೇಜ್ ಒತ್ತಡ 24 ಕೆಜಿಗಿಂತ ಕೆಳಗೆ ಬಂದದ್ದಿಲ್ಲ.

ಕಬ್ಬಿನ ಹಾದಿ · ಭಾನುವಾರ ಸಂಜೆ 6:20

ಹೋಸ್ ಒಳಗೆ ಬೆರಳು ಹಾಕಿದೆ. ಕೆಂಪು ಮಣ್ಣು. ಅಣ್ಣನಿಗೂ ತೋರಿಸಿದೆ, ಅವನು ಮಾತೇ ಆಡಲಿಲ್ಲ.

ಕಂಪ್ರೆಶನ್ ನೋಡಿಸಿದೆ, ಖರ್ಚು ನನ್ನದೇ. ಒಂದರಿಂದ ಆರರವರೆಗೆ: 18, 17.5, 18, 17, 17, 18. ಮಾಲೀಕರು "ನೋಡಿ, ಆರೂ ಒಂದೇ ಥರ ಇದೆ" ಅಂದರು. ನೀವು ಹೇಳಿದ್ದು ನೆನಪಾಯಿತು.

ಫುಲ್ ಇಂಜಿನ್ ಕೆಲಸದ ಖರ್ಚು ಕಳೆದು ರೇಟ್ ಮಾಡಿ ಅಂತ ಕೇಳಿದೆ. ಒಪ್ಪಲಿಲ್ಲ. ಅಡ್ವಾನ್ಸ್‌ನಲ್ಲಿ ಹದಿನೈದು ಸಾವಿರ ವಾಪಸ್ ಕೊಟ್ಟರು. ಹತ್ತು ಸಾವಿರ ಹೋಯಿತು. ಬೇಜಾರಿದೆ, ಆದರೆ ಗಾಡಿ ಬಿಟ್ಟೆ.

ನಾಝಲ್ ಬೆಂಚ್ · ಸಂಜೆ 6:45

ನಂಬರ್ ನೋಡಿದ ಮೇಲೆ ನಾನು ಒಪ್ಪುತ್ತೇನೆ, ರಿಂಗ್ ಮತ್ತು ಬೋರ್ ಹೋಗಿದೆ. ಆದರೂ ಕಪ್ಪು ಹೊಗೆಗೆ ಪಂಪ್ ಕಾರಣ ಅಂತಲೇ ನನ್ನ ಅಭಿಪ್ರಾಯ. ಸೀಲ್ ಇತ್ತಾ ಇಲ್ವಾ, ಅದನ್ನು ನೀವು ಹೇಳಲೇ ಇಲ್ಲ.

ತೋಟದಮನೆ · ರಾತ್ರಿ 7:30

ಹತ್ತು ಸಾವಿರ ಹೋದರೆ ಹೋಗಲಿ ತಮ್ಮಾ. ಸೀಸನ್ ನಡುವೆ ಕಬ್ಬು ತುಂಬಿದ ಗಾಡಿ ದಾರಿಯಲ್ಲಿ ನಿಂತರೆ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು.

ಕಬ್ಬಿನ ಹಾದಿ · ರಾತ್ರಿ 9:10

ಸೀಲ್ ನೋಡಲಿಲ್ಲ ಸರ್, ಮರೆತೆ. ಎಲ್ಲರಿಗೂ ಧನ್ಯವಾದ. ಮಹಾಲಿಂಗಪುರದ ಹತ್ತಿರ ಇನ್ನೊಂದು 1613 ಇದೆಯಂತೆ. 2014ರದು, ಟಾಟಾ ಇಂಜಿನ್, ಬಿಎಸ್3, ಒಬ್ಬರೇ ಓನರ್. ಈ ಸಲ ಎಲ್ಲ ಬರೆದಿದ್ದೇನೆ. ಬುಧವಾರ ನೋಡಲು ಹೋಗುತ್ತೇನೆ. ಆ ಕಡೆ ಕಂಪ್ರೆಶನ್ ಗೇಜ್ ಇರುವವರು ಯಾರಾದರೂ ಗೊತ್ತಾ?

ಪಟ್ಟಾ ಪ್ರೇಮಿ · ರಾತ್ರಿ 9:25

ಘಟ್ಟದ ಲೋಡು ಅಣ್ಣಾ, ಹಾರ್ನ್ ಎಲ್ಲಿ ಸಿಗುತ್ತೆ ಅಂತ ಹೇಳಲಿಲ್ಲ.

ಹದಿನೇಳರ ಸ್ಪ್ಯಾನರ್ · ರಾತ್ರಿ 9:50

ಮುಧೋಳದಿಂದ ಮಹಾಲಿಂಗಪುರ ನನಗೆ ಹತ್ತಿರವೇ ಅಣ್ಣಾ. ಗೇಜ್ ನಾನೇ ತರುತ್ತೇನೆ. ಬುಧವಾರ ಬೆಳಗ್ಗೆ ಐದೂವರೆಗೆ ಬಸ್‌ಸ್ಟ್ಯಾಂಡ್ ಹತ್ತಿರ ಇರಿ. ಮಾಲೀಕರಿಗೆ ಫೋನ್ ಮಾಡಬೇಡಿ.