ಅಕ್ಷರ ಚೆನ್ನಾಗಿದೆ ಅಂತ ನೋಟ್‌ಬುಕ್ ಕೊಡುತ್ತಾರೆ, ಕಂಪಾಸ್ ಕೊಡುವುದಿಲ್ಲ. ಏನು ಮಾಡಲಿ?

ಬಳಪದಕಲ್ಲು:
ನಾನು ಭೂವಿಜ್ಞಾನ ಎಂ.ಎಸ್ಸಿ. ಎರಡನೇ ವರ್ಷ. ಊರು ಹಳೇಬೀಡಿನ ಹತ್ತಿರ. ಅಲ್ಲಿನ ದೇವಸ್ಥಾನದ ಕಲ್ಲು ಬಳಪದ ಕಲ್ಲು ಅಂತ ಗೊತ್ತಾದ ದಿನವೇ ಇದನ್ನು ಓದಬೇಕು ಅಂದುಕೊಂಡವಳು. ತರಗತಿಯಲ್ಲಿ 18 ಜನ, ಹುಡುಗಿಯರು ಮೂವರು. ಪಾಠದಲ್ಲಿ ಏನೂ ತೊಂದರೆ ಇಲ್ಲ. ಫೀಲ್ಡಿಗೆ ಹೋದಾಗಲೇ ಎಲ್ಲ.

ಕಳೆದ ತಿಂಗಳು ನುಗ್ಗೇಹಳ್ಳಿ ಕಡೆ ಐದು ದಿನ ಮ್ಯಾಪಿಂಗ್, ಅಂದರೆ ಕಲ್ಲುಗಳ ನಕ್ಷೆ ಮಾಡುವ ಕೆಲಸ ಇತ್ತು. ಆರು ಜನರ ಗುಂಪಿನಲ್ಲಿ ನಾನೊಬ್ಬಳೇ ಹುಡುಗಿ. ಬಸ್ ಇಳಿದ ತಕ್ಷಣ ಒಬ್ಬ ಸುತ್ತಿಗೆ ಎತ್ತಿಕೊಂಡ. ಇನ್ನೊಬ್ಬ ಕಲ್ಲಿನ ಪದರದ ದಿಕ್ಕು, ಇಳಿಜಾರು ಅಳೆಯುವ ಬ್ರಂಟನ್ ಕಂಪಾಸ್ ಕೊರಳಿಗೆ ಹಾಕಿಕೊಂಡ. ನನ್ನ ಕೈಗೆ ನೋಟ್‌ಬುಕ್. "ನಿನ್ನ ಅಕ್ಷರ ಮುತ್ತಿನ ಹಾಗಿದೆ, ನೀನೇ ಬರಿ." ಜಗಳ ಆಡುವ ಹಾಗೂ ಇಲ್ಲ, ಹೊಗಳಿದ್ದಾರೆ ಅಲ್ವಾ!

ಮೂರನೇ ದಿನ ಬರೆಯುತ್ತಾ ಬರೆಯುತ್ತಾ ಅನುಮಾನ ಬಂತು. ಒಂದೇ ಬಂಡೆ, ಹತ್ತು ಹೆಜ್ಜೆ ಅಂತರದಲ್ಲಿ ಎರಡು ರೀಡಿಂಗು, ಸ್ಟ್ರೈಕ್‌ನಲ್ಲಿ, ಅಂದರೆ ಪದರ ಸಾಗುವ ದಿಕ್ಕಿನಲ್ಲಿ, 30 ಡಿಗ್ರಿ ವ್ಯತ್ಯಾಸ. ಕಲ್ಲಿನ ಪದರ ನೋಡಿದರೆ ಗೆರೆ ಎಳೆದ ಹಾಗೆ ನೇರ ಇದೆ. ತಲೆ ಎತ್ತಿದೆ. ಸುತ್ತಿಗೆ ಕಂಪಾಸಿನ ಪಕ್ಕದಲ್ಲೇ ಬಿದ್ದಿತ್ತು. ಕಬ್ಬಿಣ ಮುಳ್ಳನ್ನು ಎಳೆಯುತ್ತಿತ್ತು. "ಸುತ್ತಿಗೆ ಆಚೆ ಇಡೋ" ಅಂದೆ. ಮತ್ತೆ ನೋಡಿದ, ಸರಿಹೋಯಿತು. ಥ್ಯಾಂಕ್ಸ್ ಅಂದ. ಆಮೇಲೂ ಕಂಪಾಸ್ ಅವನ ಕೊರಳಲ್ಲೇ.

ಈಗ ಪ್ರಾಜೆಕ್ಟ್ ವಿಷಯ ಆರಿಸಬೇಕು. ನನಗೆ ಆ ಕಡೆಯ ಕ್ರೋಮೈಟ್ (ಕ್ರೋಮಿಯಂ ಅದಿರು) ಮೇಲೆ ಆಸೆ. ಮೇಷ್ಟ್ರು ಒಳ್ಳೆಯವರೇ. ಆದರೆ "ಲ್ಯಾಬಿನಲ್ಲಿ ಥಿನ್ ಸೆಕ್ಷನ್ ನೋಡುವ ವಿಷಯ ತಗೊಳಮ್ಮ, ಬಿಸಿಲಲ್ಲಿ ಯಾಕೆ ಅಲೀತೀಯ? ಗಣಿ ಒಳಗೆ ಹೆಂಗಸರನ್ನು ಹೇಗೂ ಬಿಡಲ್ಲ" ಅಂದರು. (ಥಿನ್ ಸೆಕ್ಷನ್ ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಉಜ್ಜಿದ ಕಲ್ಲಿನ ಚೂರು.) ಅಮ್ಮನಿಗೂ ಅದೇ ಇಷ್ಟ. ನಿಜ ಹೇಳಬೇಕೆಂದರೆ ನನಗೂ ಅಳುಕಿದೆ. ಎರಡು ವರ್ಷದಲ್ಲಿ ನನ್ನ ಕೈಯಾರೆ ತೆಗೆದ ರೀಡಿಂಗು ಹತ್ತು ಇದ್ದರೆ ಜಾಸ್ತಿ. ಒಬ್ಬಳೇ ಬಂಡೆ ಮುಂದೆ ನಿಂತರೆ ಬರುತ್ತದಾ?

ಕಡೂರು ಬೋರ್‌ವೆಲ್:
ತಂಗಿ, ನಾನು ಚಿಕ್ಕಮಗಳೂರು ಜಿಲ್ಲೆಯಲ್ಲಿ ಅಂತರ್ಜಲ ಸರ್ವೆ ಮಾಡುತ್ತೇನೆ, 11 ವರ್ಷವಾಯಿತು. ಕಡೂರು ಕಡೆ ತೋಟಕ್ಕೆ ಹೋದರೆ ಇವತ್ತಿಗೂ ಮೊದಲ ಮಾತು, "ಸಾರ್ ಬರಲಿಲ್ವಾ?" ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನನ್ನು ನಂಬುತ್ತಾರೆ, ಮೀಟರ್ ತಂದ ಹೆಂಗಸನ್ನು ನಂಬುವುದಿಲ್ಲ. ನಾಲ್ಕು ಸರಳು ನೆಲಕ್ಕೆ ಹೊಡೆದು, ಕರೆಂಟು ಬಿಟ್ಟು, ರೀಡಿಂಗು ತೆಗೆಯಲು ಶುರು ಮಾಡಿದ ಮೇಲೆ ಮಜ್ಜಿಗೆ ಬರುತ್ತದೆ.

ಮೇಷ್ಟ್ರ ಮಾತು ಹಳೆಯದು. 1952ರ ಗಣಿ ಕಾಯ್ದೆಯಲ್ಲಿ ಹೆಂಗಸರಿಗೆ ನೆಲದಡಿ ಕೆಲಸ ಕೊಡುವಂತಿರಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿತು. ತಾಂತ್ರಿಕ, ಮೇಲ್ವಿಚಾರಣೆಯಂಥ ಕೆಲಸಕ್ಕೆ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ ಇಳಿಯಬಹುದು ಅಂತಾಯಿತು. ಒಪ್ಪಿಗೆ ಬರೆದುಕೊಡಬೇಕು, ಪಾಳಿಯಲ್ಲಿ ಕನಿಷ್ಠ ಮೂವರು ಹೆಂಗಸರಿರಬೇಕು ಅಂತ ಆ ಆದೇಶದಲ್ಲಿತ್ತು. ಆ ಆದೇಶದ ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಡು. ವಾದ ಬೇಡ.

ಅಳುಕಿಗೆ ಔಷಧಿ: ಒಂದು ಭಾನುವಾರಕ್ಕೆ ಕಂಪಾಸ್ ಸಹಿ ಹಾಕಿ ತಗೋ. ಊರ ಸುತ್ತ ಬಂಡೆ ಕಂಡಲ್ಲೆಲ್ಲ ರೀಡಿಂಗು ತೆಗೆ, ಐವತ್ತಾಗುವ ತನಕ. ಕೈ ಕೂರುತ್ತದೆ.

ಇನ್ನೊಂದು ಮಾತು, ನೀನು ಕೇಳದಿದ್ದರೂ. ಫೀಲ್ಡಿನಲ್ಲಿ ಬಾತ್‌ರೂಮ್ ಇಲ್ಲ ಅಂತ ನೀರು ಕುಡಿಯದೆ ಇರಬೇಡ. ನಾನು ಹಾಗೆ ಮಾಡಿ ಉರಿಮೂತ್ರ ಬಂದು ಒಂದು ವಾರ ಮಲಗಿದ್ದೆ. ಅಗಲವಾದ ಛತ್ರಿ ಒಂದು ಬ್ಯಾಗಿನಲ್ಲಿರಲಿ. ಮಳೆಗಲ್ಲ.

ಸಕಲೇಶಪುರದವನು:
ನಮ್ಮ ಬ್ಯಾಚಿನಲ್ಲಿ ಕಂಪಾಸ್ ಕೊರಳಿಗೆ ಹಾಕಿಕೊಂಡವನು ನಾನೇ. ಕಿತ್ತುಕೊಳ್ಳುತ್ತಿದ್ದೇನೆ ಅಂತ ಒಂದು ಸಲವೂ ಅನಿಸಿರಲಿಲ್ಲ. ಬರೆಯುವ ಕೆಲಸ ಇನ್ನೊಬ್ಬಳ ತಲೆಗೆ ಕಟ್ಟಿದ್ದೆ. ಈಗ ಕಂಪನಿಯಲ್ಲಿ ರಿಪೋರ್ಟು ಬರೆಯಲು ಕೂತರೆ ಬೆವರು ಬರುತ್ತದೆ, ಅದು ಬೇರೆ ಕಥೆ. ಹಿಂದಿನ ರಾತ್ರಿಯೇ "ಸ್ಟಾಪಿಗೊಬ್ಬರು ಬರೆಯೋದು" ಅಂತ ಹೇಳಿಬಿಡಿ. ಬಂಡೆ ಮುಂದೆ ನಿಂತು ಕೇಳಿದರೆ ಯಾರೂ ಕೊಡುವುದಿಲ್ಲ, ನಾನೂ ಕೊಡುತ್ತಿರಲಿಲ್ಲ. ಮತ್ತೆ ಆ ಕಡೆ ಮ್ಯಾಗ್ನೆಟೈಟ್ (ಅಯಸ್ಕಾಂತದ ಗುಣವಿರುವ ಕಬ್ಬಿಣದ ಅದಿರು) ಇರುವ ಕಲ್ಲೂ ಇದೆ. ಸುತ್ತಿಗೆ ದೂರ ಇದ್ದರೂ ಮುಳ್ಳು ತಿರುಗೀತು, ನೋಡಿಕೊಳ್ಳಿ.

ಸೂಕ್ಷ್ಮದರ್ಶಕ:
ಲ್ಯಾಬ್ ಕೆಲಸವನ್ನು ಸುಮ್ನೆ ಕೀಳು ಮಾಡಬೇಡಿ. ಕ್ರೋಮೈಟ್ ಬೆಳಕು ಹಾಯಿಸುವುದೇ ಕಡಿಮೆ. ಥಿನ್ ಸೆಕ್ಷನ್‌ನಲ್ಲಿ ಹೆಚ್ಚಾಗಿ ಕಪ್ಪಗೆ ಕೂತಿರುತ್ತದೆ. ನುಣುಪು ಮಾಡಿ ಮೇಲಿನಿಂದ ಬೆಳಕು ಬಿಟ್ಟು ನೋಡಬೇಕು, ಅದಕ್ಕೂ ಕಣ್ಣು ಪಳಗಬೇಕು. ಆದರೆ ಆ ಕಲ್ಲನ್ನು ನೀವೇ ಒಡೆದು ತನ್ನಿ. ಬೇರೆಯವರು ತಂದ ಚೂರು ನೋಡಿ ಏನಂತ ಬರೆಯುತ್ತೀರಿ?

ಬಳಪದಕಲ್ಲು:
ಎಲ್ಲರಿಗೂ ಥ್ಯಾಂಕ್ಸ್. ಆದೇಶದ ಪ್ರಿಂಟ್ ಕೊಟ್ಟೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. "ಸರಿ, ಫೀಲ್ಡೂ ಲ್ಯಾಬೂ ಎರಡೂ ಸೇರಿಸಿ ಬರ್ಕೊಂಡು ಬಾ" ಅಂದರು. ಭಾನುವಾರಕ್ಕೆ ಕಂಪಾಸ್ ಸಿಕ್ಕಿದೆ. ಒಬ್ಬಳನ್ನೇ ಕಳಿಸಲ್ಲ ಅಂತ ಅಮ್ಮನೂ ಬರುತ್ತಾಳಂತೆ. ನೋಟ್‌ಬುಕ್ ಅವಳ ಕೈಗೆ ಕೊಡುತ್ತೇನೆ. ಅವಳ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ.