‘ಕೋಟಾ’ ಅಂದರೆಲ್ಲ ಮೀಸಲಾತಿಯೇ?

ಗೆಳೆಯರೇ,

ಬೆಳೆಯುತ್ತಿರುವ ದೇಶಗಳಲ್ಲಿ ಹೆಂಗಸರು ರಾಜಕೀಯಕ್ಕೆ ಬಂದ ಬಗೆಯ ಮೇಲಿನ ಸಂಶೋಧನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಕೋಟಾ’ ಬಂದ ಕಡೆಯೆಲ್ಲ ‘ಮೀಸಲಾತಿ’ ಅಂತ ಹಾಕಿದರೆ ಅರ್ಥ ಕೆಡುತ್ತಿದೆ. ನಿಮ್ಮ ಸಲಹೆ ಬೇಕು.

ನಮ್ಮ ಪಂಚಾಯಿತಿಗಳ ವಿಷಯದಲ್ಲಿ ತೊಂದರೆಯಿಲ್ಲ. 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಕರ್ನಾಟಕ ಶೇ 25 ಸ್ಥಾನಗಳನ್ನು ಹೆಂಗಸರಿಗೆ ಇಟ್ಟಿತ್ತು. 1993ರಲ್ಲಿ ಜಾರಿಯಾದ ಸಂವಿಧಾನ ತಿದ್ದುಪಡಿ ಅದನ್ನು ದೇಶದ ಪಂಚಾಯಿತಿಗಳಲ್ಲಿ ಮೂರನೇ ಒಂದು ಪಾಲು ಮಾಡಿತು. ಆ ಸ್ಥಾನಕ್ಕೆ ಹೆಂಗಸರೇ ನಿಲ್ಲಬೇಕು. ‘ಈ ಸಲ ನಮ್ಮಲ್ಲಿ ಸಾಮಾನ್ಯ ಮಹಿಳೆ ಬಂದಿದೆ’ ಅಂತಾರಲ್ವಾ, ಅದು. ರುವಾಂಡಾದ 2003ರ ಸಂವಿಧಾನ ಕೆಳಮನೆಯ 80 ಸ್ಥಾನಗಳಲ್ಲಿ 24ನ್ನು ಹೆಂಗಸರಿಗೇ ಬಿಟ್ಟದ್ದೂ ಇದೇ ಜಾತಿಯದು.

ಅರ್ಜೆಂಟೀನಾದ 1991ರ ಕಾನೂನು ಬೇರೆ. ಅಲ್ಲಿ ಯಾವ ಸ್ಥಾನವೂ ಮೀಸಲಲ್ಲ. ಪ್ರತಿ ಪಕ್ಷವೂ ತನ್ನ ಅಭ್ಯರ್ಥಿಗಳ ಪಟ್ಟಿಯಲ್ಲಿ ಕಡಿಮೆಯೆಂದರೂ ಶೇ 30 ಹೆಂಗಸರನ್ನು ಹಾಕಬೇಕಿತ್ತು, ಅದೂ ಗೆಲ್ಲುವಂಥ ಜಾಗದಲ್ಲಿ. ಜನ ಪಟ್ಟಿಗೆ ಮತ ಹಾಕುತ್ತಾರೆ, ಮೇಲಿನ ಹೆಸರಿನವರು ಮೊದಲು ಆಯ್ಕೆಯಾಗುತ್ತಾರೆ. ಹೆಸರು ಎಷ್ಟನೆಯದು ಅನ್ನುವುದರ ಮೇಲೇ ಎಲ್ಲ ನಿಂತಿದೆ.

ಇನ್ನು ಮೂರನೆಯ ಬಗೆಯ ಕೋಟಾಕ್ಕೆ ಕಾನೂನೇ ಇಲ್ಲ. 2019ರ ಲೋಕಸಭೆಗೆ ಒಡಿಶಾದ ಬಿಜು ಜನತಾ ದಳ ತಾನಾಗಿಯೇ 21ರಲ್ಲಿ 7 ಟಿಕೆಟ್ ಹೆಂಗಸರಿಗೆ ಕೊಟ್ಟಿತು.

ಇದು ಸುಮ್ನೆ ಪದದ ತಕರಾರಲ್ಲ. ಸಂಶೋಧಕರಾದ ಚಟ್ಟೋಪಾಧ್ಯಾಯ ಮತ್ತು ಡುಫ್ಲೋ 2004ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪಶ್ಚಿಮ ಬಂಗಾಳದ ಬೀರ್‌ಭೂಮ್, ರಾಜಸ್ಥಾನದ ಉದಯಪುರ ಎರಡೂ ಕಡೆ ಹೆಂಗಸರು ಮುಖ್ಯಸ್ಥರಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಜಾಸ್ತಿ ಗಮನ ಕೊಟ್ಟವು. ಇದನ್ನು ಧೈರ್ಯವಾಗಿ ಹೇಳಲು ಆದದ್ದು ಮೀಸಲು ಸರದಿಯ ಮೇಲೆ ಬರುವುದರಿಂದ. ಯಾವ ಊರಿಗೆ ಬರಬೇಕೆಂದು ಆ ಊರಿನವರು ಆರಿಸಿಕೊಂಡಿರಲಿಲ್ಲ, ಹಾಗಾಗಿ ಮೀಸಲು ಬಂದ ಊರನ್ನು ಬಾರದ ಊರಿನ ಜೊತೆ ಹೋಲಿಸಬಹುದಿತ್ತು. ಟಿಕೆಟ್ ಯಾರಿಗೆ ಅಂತ ಪಕ್ಷವೇ ತೀರ್ಮಾನಿಸುವ ಕಡೆ ಈ ಹೋಲಿಕೆ ನಡೆಯುವುದಿಲ್ಲ. ಎರಡಕ್ಕೂ ಒಂದೇ ಪದವಿದ್ದರೆ ಓದುವವರಿಗೆ ಇದು ತಿಳಿಯುವುದು ಹೇಗೆ?

ಸದ್ಯಕ್ಕೆ ‘ಮೀಸಲು ಸ್ಥಾನ’, ‘ಪಟ್ಟಿ ಪಾಲು’, ‘ಟಿಕೆಟ್ ಪಾಲು’ ಎಂದು ಬರೆದುಕೊಂಡಿದ್ದೇನೆ. ಮೂರಕ್ಕೂ ಸೇರಿ ‘ಕೋಟಾ’ ಎನ್ನಬಹುದು. ಆದರೆ ‘ಲೇಡೀಸ್ ಕೋಟಾದಲ್ಲಿ ಬಂದವಳು’ ಎಂದು ಹೀಗಳೆಯುವ ಮಾತು ಕೇಳಿ ಕೇಳಿ ಆ ಪದ ಬಳಸಲು ಮನಸ್ಸು ಬರುತ್ತಿಲ್ಲ. ‘ಪಾಲು’ ಅಂದರೆ ನಿಮಗೆ ಆಸ್ತಿಯ ಪಾಲೇ ನೆನಪಾಗುತ್ತದೆಯೇ? ನಿಮ್ಮ ಕಡೆ ಟಿಕೆಟ್ ಹಂಚಿಕೆಯ ಮಾತಿನಲ್ಲಿ ಬೇರೆ ಪದ ಓಡಾಡುತ್ತಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ತಿಳಿಸಿ.