ಓಪನ್‌ಐಎಂಐಎಸ್‌ನಲ್ಲಿ ಸದಸ್ಯರ ನಂಬರ್ ಚೆಕ್ ನಮಗೆ ಬೇಕಾದಂಗೆ ಬದಲಾಯಿಸೋದು ಹೇಗೆ?

ಪ್ರಶ್ನೆ (ಮಂಡ್ಯ): ಸಾರ್ ನಮಸ್ತೆ, ನಮ್ಮ ಸಹಕಾರ ಸಂಘದ ಆರೋಗ್ಯ ನಿಧಿಗೆ ಓಪನ್‌ಐಎಂಐಎಸ್ ಅನ್ನೋ ಆರೋಗ್ಯ ವಿಮೆ ಸಾಫ್ಟ್‌ವೇರ್ ಹಾಕ್ಕೊಂಡು ಟೆಸ್ಟ್ ಮಾಡ್ತಾ ಇದೀವಿ. ಪಾಸ್‌ಬುಕ್ ನಂಬರಲ್ಲಿ ಊರಿನ ಕೋಡ್ ಎರಡು ಇಂಗ್ಲಿಷ್ ಅಕ್ಷರ, ಆಮೇಲೆ ಆರು ಅಂಕಿ, ಸಾಫ್ಟ್‌ವೇರ್ ತಗೋತಾನೇ ಇಲ್ಲ. ಚೆಕ್ ಆಫ್ ಮಾಡಿ ಅಂತ ಒಬ್ಬರು, ಆಧಾರ್ ನಂಬರನ್ನೇ ಹಾಕಿ ಅಂತ ಇನ್ನೊಬ್ಬರು. ಏನ್ ಮಾಡೋದು?

ಉತ್ತರ (ಮೈಸೂರು, ಡೆವಲಪರ್): ಎರಡೂ ಬೇಡ ಮೇಡಂ. ಆಧಾರನ್ನ ಸದಸ್ಯರ ನಂಬರ್ ಮಾಡಿದ್ರೆ ಕಾರ್ಡು, ಕ್ಲೇಮ್ ಫಾರಂ, ಆಸ್ಪತ್ರೆ ರಿಜಿಸ್ಟರು ಎಲ್ಲಾ ಕಡೆ ಅದೇ ಓಡಾಡುತ್ತೆ, ಜನರ ಆಧಾರ್ ಹಂಗೆ ಬಯಲಿಗೆ ಬೀಳಬಾರದು. ಇನ್ಶೂರಿ (ವಿಮೆ ಸದಸ್ಯರ) ಮಾಡ್ಯೂಲ್ ಕಾನ್ಫಿಗರೇಶನ್ನಲ್ಲಿ ಮೂರು ಸೆಟ್ಟಿಂಗ್ ಇದಾವೆ, ನಂಬರಿನ ಉದ್ದ, ಮಾಡ್ಯುಲೋ ರೂಟ್ (ಕೊನೇ ಅಂಕಿ ಬಿಟ್ಟು ಉಳಿದಿದ್ದನ್ನ ಭಾಗಿಸೋ ಸಂಖ್ಯೆ, ಶೇಷ ಆ ಕೊನೇ ಅಂಕಿನೇ ಆಗಿರಬೇಕು), ವ್ಯಾಲಿಡೇಟರ್ (ನಂಬರ್ ಸರಿನಾ ಅಂತ ನೋಡೋ ನಿಮ್ಮದೇ ಫಂಕ್ಷನ್). ಮಾಡ್ಯುಲೋ ಅಂಕಿಗಷ್ಟೇ ಆಗೋದು, ಅಕ್ಷರ ಬಂದ್ರೆ ಫೇಲ್. ನೀವು ಪೈಥಾನಲ್ಲಿ ಒಂದು ಸಣ್ಣ ಫಂಕ್ಷನ್ ಬರೆದು ವ್ಯಾಲಿಡೇಟರ್ ಜಾಗದಲ್ಲಿ ಅದರ ಹೆಸರು ಕೊಡಿ, ಆಗ ಉದ್ದ, ಮಾಡ್ಯುಲೋ ಎರಡನ್ನೂ ಬಿಟ್ಟು ಅದನ್ನೇ ಕರೆಯುತ್ತೆ. ನಂಬರ್ ಸರಿ ಇದ್ರೆ ಖಾಲಿ ಲಿಸ್ಟ್, ತಪ್ಪಿದ್ರೆ ಎರರ್ ವಾಪಸ್ ಕೊಡಬೇಕು.

ಪ್ರಶ್ನೆ: ಮಾಡ್ಯುಲೋ 7 ಸಾಕು ಅಂತಾರಲ್ಲ ಸಾರ್, ಅಕ್ಷರ ತೆಗೆದುಬಿಟ್ರೆ?

ಉತ್ತರ: ಸಾಕಾಗಲ್ಲ, ನೋಡಿ ಇಲ್ಲಿ. 4181ನ್ನ 7ರಿಂದ ಭಾಗಿಸಿದ್ರೆ ಶೇಷ 2, ಅದನ್ನ ಕೊನೇಲಿ ಸೇರಿಸಿ 41812. ಎಂಟ್ರಿ ಮಾಡೋರು ಅವಸರದಲ್ಲಿ 18ನ್ನ 81 ಮಾಡಿ 48112 ಹೊಡೆದ್ರೂ 4811ರ ಶೇಷ ಅದೇ 2, ಪಾಸ್ ಆಗಿಬಿಡುತ್ತೆ, ಯಾರದೋ ಕ್ಲೇಮು ಯಾರಿಗೋ. 0-7, 1-8, 2-9 ಅದಲುಬದಲಾದ್ರೂ ಇದೇ ಗತಿ. ಆಧಾರಿನ ಕೊನೇ ಅಂಕಿಗೆ ಬಳಸೋ ವರ್ಹೂಫ್ ವಿಧಾನ ತಗೊಳಿ, ಒಂದು ಅಂಕಿ ತಪ್ಪಿದ್ರೂ ಪಕ್ಕಪಕ್ಕದ್ದು ಹಿಂದೆಮುಂದೆ ಆದ್ರೂ ಹಿಡಿಯುತ್ತೆ. ಅಕ್ಷರಗಳು ನಿಮ್ಮ ಊರಿನ ಪಟ್ಟಿಲಿ ಇದಾವಾ ಅಂತ ಬೇರೆ ನೋಡಿ, ಆರು ಅಂಕಿ ಆದ್ಮೇಲೆ ಈ ವಿಧಾನದಲ್ಲಿ ಲೆಕ್ಕ ಹಾಕಿದ ಚೆಕ್ ಅಂಕಿ (ನಂಬರ್ ಸರಿನಾ ಅಂತ ನೋಡೋಕೆ ಇರೋ ಕೊನೇ ಅಂಕಿ) ಒಂದು ಸೇರಿಸಿ.

ಪ್ರಶ್ನೆ: ಹಳೇ ಸದಸ್ಯರದ್ದು ಎಲ್ಲಾ ಎಕ್ಸೆಲ್ಲಲ್ಲಿದೆ.

ಉತ್ತರ: ಅದೇ ಮುಖ್ಯ. ಮೊದಲು ಆ ಕಾಲಂ ಟೆಕ್ಸ್ಟ್ ಮಾಡಿದ್ದಾರಾ ನೋಡಿ, ಊರಿನ ಕೋಡ್ ಬೇರೆ ಕಾಲಂನಲ್ಲಿದ್ರೆ 004517 ಬರೀ 4517 ಆಗಿ ಕೂತಿರುತ್ತೆ. ಸೊನ್ನೆ ವಾಪಸ್ ತುಂಬಿ, ಚೆಕ್ ಅಂಕಿ ಸೇರಿಸಿ, ಇಡೀ ಪಟ್ಟಿನ ಅದೇ ಫಂಕ್ಷನ್ನಲ್ಲಿ ಓಡಿಸಿ ತಪ್ಪು ಬಂದಿದ್ದನ್ನ ಪಾಸ್‌ಬುಕ್ ಇಟ್ಕೊಂಡು ಸರಿ ಮಾಡಿ, ಆಮೇಲೇ ಅಪ್‌ಲೋಡ್. ಊರೂರಿಗೆ ಹೋಗಿ ಮೊಬೈಲ್ ಆಪಲ್ಲಿ ನೋಂದಣಿ ಮಾಡ್ತೀರಾ ಅಂದ್ರೆ ಆಪಲ್ಲೂ ಇದೇ ನಿಯಮ ಇರಬೇಕು, ಇಲ್ಲಾಂದ್ರೆ ಹಳ್ಳಿಲಿ ತಗೊಂಡಿದ್ದನ್ನ ಸರ್ವರ್ ವಾಪಸ್ ಕಳಿಸುತ್ತೆ.